ಅಮ್ಮನ ಮಂಡಿ, ಫಿಸಿಯೋ ಮೇಡಂ ಮತ್ತು 18 ಮೆಟ್ಟಿಲು

ಮಂಡಿ ಚಿಪ್ಪು ಬದಲಾವಣೆ ಆಪರೇಷನ್ ಅಂದ್ರೆ ಎಲ್ಲರೂ ಕೇಳೋದು "ಡಾಕ್ಟರ್ ಯಾರು?" ಅಂತ. ಫಿಸಿಯೋ ಯಾರು ಅಂತ ಯಾರೂ ಕೇಳಲ್ಲ. ಅಮ್ಮನ ಆಪರೇಷನ್ನಿನಲ್ಲಿ ಸರ್ಜನ್ ನಮಗೆ ಸಿಕ್ಕಿದ್ದು ಒಟ್ಟು ಅರ್ಧ ಗಂಟೆಯೂ ಇರಲಿಕ್ಕಿಲ್ಲ. ಫಿಸಿಯೋ ಮೇಡಂ ಮಾತ್ರ ಎರಡು ತಿಂಗಳು, ವಾರಕ್ಕೆ ಮೂರು ದಿನ ಮನೆಗೇ ಬಂದರು.

ಕೆಲಸ ನೋಡೋಕೆ ಸುಲಭ. ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ಮಂಡಿ ಮಡಚೋದು, ತೊಡೆಯ ಸ್ನಾಯು ಬಿಗಿ ಹಿಡಿಯೋದು, ಕಾಲು ನೇರ ಮಾಡೋದು. ಆದರೆ ಮೊದಲ ವಾರಗಳಲ್ಲಿ ನೋವಿಗೆ ಹೆದರಿ ಬಿಟ್ಟುಬಿಟ್ಟರೆ ಒಳಗಿನ ಗಾಯ ಬಿಗಿದುಕೊಂಡು ಮಂಡಿ ಗಡುಸಾಗುತ್ತೆ. ಆಮೇಲೆ ಅರಿವಳಿಕೆ ಕೊಟ್ಟು ಬಗ್ಗಿಸಬೇಕಾಗಿ ಬರಬಹುದು. ಹಾಗಾಗಿ ನೋವಾದರೂ ಮಾಡಿಸಬೇಕು. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ರೋಗಿಯೇ ಹೇಳಬೇಕು. ಅಮ್ಮನೋ, ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು ಅಂದ್ರೆ ದಿನಾ "ಐದು" ಅನ್ನೋರು, ನಾವು ಆಫೀಸಿನ ಫೀಡ್‌ಬ್ಯಾಕ್ ಫಾರ್ಮ್ ತುಂಬೋ ಥರ! ಮೇಡಂ ಆ ಐದನ್ನು ನಂಬದೆ ಅಮ್ಮನ ಹುಬ್ಬು, ಸೆರಗು ಹಿಡಿದ ಮುಷ್ಟಿ ನೋಡೋರು. ಎರಡು ತಿಂಗಳೂ, ಕಾಲು ಮುಟ್ಟುವ ಮುಂಚೆ ಒಂದು ಮಾತು ಕೇಳೋದನ್ನ ಬಿಡಲಿಲ್ಲ.

"ವ್ಯಾಯಾಮ ಮಾಡಿದ್ರಾ?" "ಓ, ಮೂರು ಸಲ." ಕೋನ ಅಳೆಯೋ ಗೋನಿಯೋಮೀಟರ್ ಇಟ್ಟರೆ 70 ಡಿಗ್ರಿ. ಹಿಂದಿನ ಸಲವೂ 70. ಮೇಡಂ ಬೈಯಲಿಲ್ಲ. "ಈ ಕಾಲಲ್ಲಿ ಮೊದಲು ಏನು ಮಾಡ್ಬೇಕು ಅಂತ ಆಸೆ ಆಂಟಿ?" ಅಂತ ಕೇಳಿದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೆರೇಸಲ್ಲಿ ಮಲ್ಲಿಗೆ ಬಳ್ಳಿ ಇದೆ, ಇವನು ನೀರು ಹಾಕ್ತಾನೋ ಇಲ್ವೋ" ಅಂದರು. ಮೇಡಂ ಎದ್ದು ಹೋಗಿ ಮೆಟ್ಟಿಲು ಎಣಿಸಿಕೊಂಡು ಬಂದರು. 18. ಆರಾಮಾಗಿ ಹತ್ತಿ ಇಳಿಯೋಕೆ ಸುಮಾರು 90 ಡಿಗ್ರಿಯಾದರೂ ಮಡಚಬೇಕು ಅಂತ ವಿವರಿಸಿದರು. ಅವತ್ತಿಂದ ನಮ್ಮನೇಲಿ ವ್ಯಾಯಾಮಕ್ಕೆ "ಮಲ್ಲಿಗೆ" ಅಂತಲೇ ಹೆಸರು.

ವ್ಯಾಯಾಮ ಹೇಳಿಕೊಡೋ ಆ್ಯಪ್‌ಗಳು ಬೇಕಾದಷ್ಟಿವೆ. ನಾನೂ ಕೋಡ್ ಬರೆದೇ ಬದುಕೋನು. ಆ್ಯಪ್ ಹೊತ್ತಿಗೆ ಸರಿಯಾಗಿ ರಿಮೈಂಡರ್ ಕಳಿಸುತ್ತೆ. ಎದ್ದು ಹೋಗಿ ಮೆಟ್ಟಿಲು ಎಣಿಸಲ್ಲ.

ಎಂಟನೇ ವಾರ 108 ಡಿಗ್ರಿ. "ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು" ಅಂತ ಗೊಣಗುತ್ತಾ ಅಮ್ಮ ಹದಿನೆಂಟನ್ನೂ ಹತ್ತಿದರು. ಮೇಡಂ ಒಂದು ಮೆಟ್ಟಿಲು ಹಿಂದೆ, ಕೈ ಚಾಚಿಕೊಂಡು, ಆದರೆ ಮುಟ್ಟದೆ. ಇಳಿದು ಬಂದ ಮೇಲೆ "ಇನ್ನು ನಾನು ಬರೋದು ಬೇಕಿಲ್ಲ ಆಂಟಿ" ಅಂದರು.

ಅಮ್ಮ ತಟ್ಟನೆ, "ಇಲ್ಲಮ್ಮ, ಇನ್ನೂ ನೋವಿದೆ" ಅಂದರು.

"ಎಷ್ಟು?"

"ಐದು."