ನಾಲ್ಕೆಳೆತದ ಮಸೆಗಲ್ಲು

ಉದ್ದ 5 ಇಂಚು, ಅಗಲ 2 ಇಂಚು, ದಪ್ಪ ಅರ್ಧ ಇಂಚಿನ ಆಸುಪಾಸು. ಅಮೆರಿಕದ ಹಳೆಯ ಸೆಲೂನುಗಳಲ್ಲಿ ಕ್ಷೌರಿಕರ ಕೈಗೆಟಕುವಂತೆ ಇರುತ್ತಿದ್ದ ಈ ಪುಟ್ಟ ಮಸೆಗಲ್ಲಿಗೆ ಅಲ್ಲಿ ‘ಬಾರ್ಬರ್ ಹೋನ್’ ಎಂದು ಹೆಸರು. ನನ್ನನ್ನು ಇದರ ಬೆನ್ನು ಹತ್ತಿಸಿದ್ದು ಇದಕ್ಕೆ ಹಚ್ಚುತ್ತಿದ್ದ ನೊರೆ. ಬಟ್ಟಲಿನಲ್ಲಿ ಕಲಸಿಟ್ಟ ಸೋಪಿನ ನೊರೆಯನ್ನೇ ಒಂದಿಷ್ಟು ಕಲ್ಲಿಗೆ ಸವರಿ, ಕತ್ತಿಯನ್ನು ಆಚೆಗೆ ಈಚೆಗೆ ನಾಲ್ಕು ಸಲ ಎಳೆದು, ಒರೆಸಿ, ಚರ್ಮದ ಪಟ್ಟಿಗೆ ತೀಡಿದರೆ ಮುಗಿಯಿತು. ಎಣ್ಣೆ ಬೇಡ, ನೀರಿನ ಬೋಗುಣಿ ಬೇಡ. ಗಿರಾಕಿ ಕಾಯುತ್ತಿರುವಾಗಲೇ ಆಗುವ ಕೆಲಸ.

ಪೂರ್ತಿ ಮೊಂಡಾದ ಕತ್ತಿಗೆ ಹೊಸದಾಗಿ ಅಲಗು ತೆಗೆಯಲು ಈ ಕಲ್ಲು ಹುಟ್ಟಿದ್ದಲ್ಲ. ಚೆನ್ನಾಗಿಯೇ ಇದ್ದ ಅಲಗು ದಿನದಿನದ ಬಳಕೆಯಿಂದ ಸೋತು, ಪಟ್ಟಿಗೆ ಎಷ್ಟು ತೀಡಿದರೂ ಗಡ್ಡ ಜಗ್ಗತೊಡಗಿದಾಗ ಇದರ ಸರದಿ. ಕ್ಷೌರದ ಕತ್ತಿಯ ಬೆನ್ನು ದಪ್ಪ. ಬೆನ್ನು, ಬಾಯಿ ಎರಡೂ ತಾಗುವಂತೆ ಕಲ್ಲಿನ ಮೇಲೆ ಮಲಗಿಸಿದರೆ ಕೋನ ತಾನಾಗಿಯೇ ಸರಿಹೋಗುತ್ತದೆ. ಅಡುಗೆಮನೆಯ ಚಾಕುವಿನ ಹಾಗೆ ಅಂದಾಜಿನ ಮೇಲೆ ಓರೆ ಹಿಡಿಯಬೇಕಿಲ್ಲ. ಬಾಯಿ ಮುಂದಾಗಿ ಕತ್ತಿ ಸಾಗಬೇಕು, ಕಾದ ಹಾಲಿನ ಕೆನೆ ತೆಗೆಯುವಷ್ಟು ಹಗುರವಾಗಿ. ಅಲಗು ಸುಮಾರು 3 ಇಂಚು, ಕಲ್ಲಿನ ಅಗಲ ಎರಡೇ. ಆದ್ದರಿಂದ ಅಲಗಿನ ಬುಡದಲ್ಲಿ ಶುರುವಾದ ಎಳೆತ ಓರೆಯಾಗಿ ಜಾರಿ, ಕಲ್ಲಿನ ಇನ್ನೊಂದು ಕೊನೆಗೆ ಬರುವಷ್ಟರಲ್ಲಿ ಅಲಗಿನ ತುದಿಗೆ ಮುಟ್ಟಿರಬೇಕು. ಅಲ್ಲಿ ಬೆನ್ನಿನ ಮೇಲೆ ಮಗುಚಿ ವಾಪಸು. ಅಪ್ಪಿತಪ್ಪಿ ಬಾಯಿಯ ಮೇಲೆ ಮಗುಚಿದರೆ ಅಲ್ಲಿಯವರೆಗಿನ ಕೆಲಸವೆಲ್ಲ ಹಾಳು. ಪಟ್ಟಿಯ ಮೇಲೆ ತೀಡುವಾಗ ಮಾತ್ರ ಲೆಕ್ಕ ತಿರುಗುಮುರುಗು: ಅಲ್ಲಿ ಬೆನ್ನು ಮುಂದು, ಬಾಯಿ ಹಿಂದು. ಇಲ್ಲವಾದರೆ ಪಟ್ಟಿಯೇ ಕತ್ತರಿಸಿಹೋಗುತ್ತದೆ.

ಒತ್ತಡವನ್ನು ಕೈ ಕೊಡಬಾರದು, ಕತ್ತಿಯ ತೂಕವೇ ಸಾಕು. ಎಳೆತವೂ ಅಷ್ಟೆ: ನಾಲ್ಕು, ಹೆಚ್ಚೆಂದರೆ ಆರು. ಇನ್ನೂ ಹರಿತವಾಗಲಿ ಎಂದು ಮುಂದುವರಿಸಿದರೆ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಎಳೆ ಏಳುತ್ತದೆ. ಅದು ಕಿತ್ತುಬಂದ ಜಾಗದಲ್ಲಿ ಗರಗಸದಂಥ ಹಲ್ಲುಗಳು ಉಳಿದು ಚರ್ಮ ಉರಿಯುತ್ತದೆ. ಕೈ ತಡೆಯುವುದು ಈ ಕಸುಬಿನ ದೊಡ್ಡ ವಿದ್ಯೆ ಎಂದು ನನಗನ್ನಿಸುತ್ತದೆ. ಎ.ಬಿ. ಮೋಲರ್ 1893ರಲ್ಲಿ ಷಿಕಾಗೊದಲ್ಲಿ ಕ್ಷೌರ ಶಾಲೆ ತೆರೆದರು. ಅಂಥ ಶಾಲೆಗಳಲ್ಲಿ ಕಲಿತವರು ಒದ್ದೆ ಮಾಡಿದ ಹೆಬ್ಬೆರಳಿನ ಉಗುರಿಗೆ ಅಲಗನ್ನು ಮೆಲ್ಲನೆ ತಾಗಿಸಿ ನೋಡುತ್ತಿದ್ದರು. ಹದವಾದದ್ದು ಉಗುರನ್ನು ನವಿರಾಗಿ ಕಚ್ಚುತ್ತದೆ, ಮೊಂಡಾದದ್ದು ಜಾರುತ್ತದೆ, ಅತಿಯಾಗಿ ಮಸೆದದ್ದು ಗರಗರ ಎನ್ನುತ್ತದೆ.

ಹಿಂದೆ ಇಂಥ ಕಲ್ಲು ನೆಲದಿಂದಲೇ ಬರುತ್ತಿತ್ತು. ಬೆಲ್ಜಿಯಂನ ಆರ್ಡೆನ್ಸ್ ಬೆಟ್ಟಸೀಮೆಯ ವಿಯೆಲ್‌ಸಾಲ್ಮ್ ಸುತ್ತಮುತ್ತ ಸಿಗುವ ಹಳದಿ ಕಲ್ಲು ‘ಕೋಟಿಕ್ಯೂಲ್’, ಅದರೊಳಗಿನ ಸೂಕ್ಷ್ಮ ಗಾರ್ನೆಟ್ ಹರಳುಗಳ ಬಲದಿಂದ ಉಕ್ಕನ್ನು ತೇಯುತ್ತದೆ. ಜರ್ಮನಿಯ ಥುರಿಂಗಿಯಾದ ಕಲ್ಲಿಗೂ ಒಳ್ಳೆಯ ಹೆಸರಿತ್ತು. ಆಮೇಲೆ ಕಾರ್ಖಾನೆಯ ಕಲ್ಲು ಬಂತು. ಇಂದಿನ ಸ್ಲೊವೇನಿಯಾದ ಮಾರಿಬೋರ್‌ನಲ್ಲಿ 1879ರಲ್ಲಿ ಶುರುವಾದ ಸ್ವಾಟಿ ಕಾರ್ಖಾನೆಯ ಕಲ್ಲುಗಳನ್ನು ಸಂಗ್ರಾಹಕರು ಇವತ್ತಿಗೂ ಹುಡುಕುತ್ತಾರೆ. ಅಮೆರಿಕದಲ್ಲಿ ಎಡ್ವರ್ಡ್ ಅಚೆಸನ್ 1891ರಲ್ಲಿ ಜೇಡಿಮಣ್ಣು ಮತ್ತು ಕೋಕ್ ಪುಡಿಯೊಳಗೆ ವಿದ್ಯುತ್ ಹರಿಸಿದಾಗ ಹೊಳೆಯುವ ಗಡಸು ಹರಳುಗಳು ಸಿಕ್ಕವು. ಅವೇ ಸಿಲಿಕಾನ್ ಕಾರ್ಬೈಡ್. ವಿದ್ಯುತ್ ಅಗ್ಗವಾಗಿದ್ದ ನಯಾಗರ ಜಲಪಾತದ ಬಳಿಗೆ ಹೋದ ಅವರ ಕಾರ್ಬೊರಂಡಂ ಕಂಪನಿ ಕ್ಷೌರಿಕರಿಗೆಂದೇ ಮಸೆಗಲ್ಲುಗಳನ್ನು ಮಾಡಿತು. ಒಂದು ಬದಿ ತರಿ, ಇನ್ನೊಂದು ನಯ ಇರುವ ಇಮ್ಮುಖದ ಕಲ್ಲುಗಳೂ ಬಂದವು.

ಹಳೆಯ ಕಲ್ಲು ಕೈಗೆ ಸಿಕ್ಕವರು ಮೊದಲು ಉಕ್ಕಿನ ಸ್ಕೇಲನ್ನು ಅದರ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯಬೇಕು. ಕೆಳಗಿನಿಂದ ಬೆಳಕು ಇಣುಕಿದರೆ ನಡುವೆ ತಗ್ಗಿದೆ ಎಂದರ್ಥ. ಗಾಜಿನ ಹಲಗೆಗೆ ನೀರುಕಾಗದವನ್ನು, ಅಂದರೆ ಒದ್ದೆ ಮಾಡಿ ಉಜ್ಜುವ ಮರಳುಕಾಗದವನ್ನು, ಅಂಟಿಸಿ, ಕಲ್ಲಿನ ಮೇಲೆ ಪೆನ್ಸಿಲಿನಿಂದ ಗೆರೆಗಳ ಬಲೆ ಬರೆದು ಉಜ್ಜಬೇಕು. ಗೆರೆಗಳೆಲ್ಲ ಒಂದೇ ಸಮ ಅಳಿಸಿದರೆ ಕಲ್ಲು ಮಟ್ಟವಾಯಿತು. ಅಲ್ಲಿಗೇ ನಿಲ್ಲಿಸಬಾರದು. ತರಿ ಕಾಗದದ ಗೀರು ಕಲ್ಲಿನಲ್ಲಿ ಉಳಿದರೆ ಅಲಗೂ ಒರಟಾಗುತ್ತದೆ, ಹಾಗಾಗಿ ಕೊನೆಯ ಉಜ್ಜು ನುಣ್ಣನೆಯ ಕಾಗದದ್ದು. ಅಂಚುಗಳನ್ನೂ ತುಸು ದುಂಡಗೆ ಮಾಡಿದರೆ ಕತ್ತಿ ತಡೆಯುವುದಿಲ್ಲ. ಸೀಳುಬಿಟ್ಟದ್ದನ್ನು, ಮೇಲ್ಮೈಯಲ್ಲಿ ಚಕ್ಕೆ ಎದ್ದದ್ದನ್ನು ಬಳಸದಿರುವುದೇ ಲೇಸು.

ಬಳಸುತ್ತ ಹೋದಂತೆ ಉಕ್ಕಿನ ಕಪ್ಪು ಪುಡಿ ಕಲ್ಲಿನ ರಂಧ್ರಗಳಲ್ಲಿ ಕೂತು ಹೊಳಪು ಕಟ್ಟುತ್ತದೆ, ಕಲ್ಲು ಉಕ್ಕನ್ನು ಹಿಡಿಯುವುದಿಲ್ಲ. ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಹಿಂದಿನವರು ಎಣ್ಣೆ ಕುಡಿಸಿದ ಕಲ್ಲಾದರೆ ಬಿಸಿನೀರು, ಸೋಪಿನಿಂದ ಹಲವು ಸಲ ತೊಳೆಯಬೇಕಾದೀತು. ಬಿದ್ದರೆ ಒಡೆಯುವ ಜಾತಿ, ಬಟ್ಟೆ ಸುತ್ತಿಡಿ. ದಯವಿಟ್ಟು ಈಳಿಗೆ, ಚಾಕು ಇದರ ಮೇಲೆ ಮಸೆಯಬೇಡಿ. ಅವು ಕೊರೆದ ಗೀರು ತೆಗೆಯಲು ಮೈಯನ್ನೇ ಸವೆಸಬೇಕಾಗುತ್ತದೆ.

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಜಿಲೆಟ್ ಕಂಪನಿ 35 ಲಕ್ಷ ರೇಜರುಗಳನ್ನೂ 3.2 ಕೋಟಿ ಬ್ಲೇಡುಗಳನ್ನೂ ಒದಗಿಸಿತು. ಆ ಸೈನಿಕರು ತಾವೇ ಕ್ಷೌರ ಮಾಡಿಕೊಳ್ಳುವುದನ್ನು ರೂಢಿಸಿಕೊಂಡು ಊರಿಗೆ ಮರಳಿದರು. ಕತ್ತಿ, ಮಸೆಗಲ್ಲು ಹಿಂದೆ ಸರಿದವು. 1980ರ ದಶಕದಿಂದೀಚೆಗೆ ಒಂದೇ ಕತ್ತಿಯಿಂದ ಎಚ್‌ಐವಿ ಹರಡೀತೆಂಬ ಭಯವೂ ಸೇರಿತು. ನಮ್ಮ ಊರುಗಳಲ್ಲಿ ಮನೆಬಾಗಿಲಿಗೆ ಬರುತ್ತಿದ್ದ ಕ್ಷೌರಿಕರ ಚೀಲದಲ್ಲೂ ಮಸೆಗಲ್ಲು, ಚರ್ಮದ ತುಂಡು ಇರುತ್ತಿದ್ದವು. ಈಗ ಎಲ್ಲೆಡೆ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ. ಹತ್ತಾರು ಮುಖಗಳಿಗೆ ಒಂದೇ ಅಲಗು ಬೇಡ ಎನ್ನುವುದು ಸರಿಯಾದ ನಿಲುವೇ. ಆದರೆ ಮನೆಯಲ್ಲಿ ಒಬ್ಬರದೇ ಮುಖಕ್ಕೆ ಒಂದೇ ಕತ್ತಿ ಇಟ್ಟುಕೊಳ್ಳುವವರಿಗೆ ಆ ಅಡ್ಡಿಯಿಲ್ಲ. ತಿಂಗಳಿಗೋ ಎರಡು ತಿಂಗಳಿಗೋ ನಾಲ್ಕೆಳೆತ ಎಳೆದರೆ ಕತ್ತಿ ವರ್ಷಗಟ್ಟಲೆ ನಡೆಯುತ್ತದೆ, ಬ್ಲೇಡಿನ ಕಸವೂ ಇಲ್ಲ.

ಜರ್ಮನಿಯ ಸೋಲಿಂಗೆನ್‌ನಲ್ಲಿ ಇವತ್ತಿಗೂ ಹೊಸ ಕ್ಷೌರದ ಕತ್ತಿಗಳು ತಯಾರಾಗುತ್ತವೆ. ಆರ್ಡೆನ್ಸ್‌ನ ಹಳದಿ ಕಲ್ಲೂ ಕೊಳ್ಳಲು ಸಿಗುತ್ತದೆ. ಕಾರ್ಬೊರಂಡಂನ ಆ ಇಮ್ಮುಖದ ಕಲ್ಲು ಬೇಕೆಂದರೆ ಮಾತ್ರ ಹಳೆ ಸಾಮಾನಿನ ಸಂತೆಗಳಲ್ಲಿ ಹುಡುಕಬೇಕು. ಅಲ್ಲಿ ಅದು ಎಷ್ಟೋ ಸಲ ಯಾರದೋ ಅಡುಗೆಮನೆಯ ಚಾಕುವಿನ ಗೀರು ಹೊತ್ತುಕೊಂಡೇ ಮಾರಾಟಕ್ಕೆ ಬಂದಿರುತ್ತದೆ.