ಬಡಾವಣೆಯ ಹೆಸರು ಹಿಡಿದು ಬಂದ ಎಚ್ಚರಿಕೆ

ಬೇಸಿಗೆಯಲ್ಲಿ ದೆಹಲಿ ಸೀಮೆಯ ಮೇಲೆ ಆಂಧಿ, ಅಂದರೆ ಧೂಳಿನ ಬಿರುಗಾಳಿ, ಏಳುವ ಲಕ್ಷಣ ಕಂಡರೆ ಹವಾಮಾನ ಇಲಾಖೆಯ ಪ್ರಾದೇಶಿಕ ಮುನ್ಸೂಚನಾ ಕೇಂದ್ರ ಒಂದು ಕಿರು ಪ್ರಕಟಣೆ ಹೊರಡಿಸುತ್ತದೆ. ಮುಂದಿನ ಎರಡು ಗಂಟೆಗಳಲ್ಲಿ ಗುಡುಗು, ಮಳೆ, ಬಿರುಗಾಳಿ ಎಂಬ ಒಕ್ಕಣೆಯ ಜೊತೆಗೆ ಊರುಗಳ ಪಟ್ಟಿ ಇರುತ್ತದೆ: ಲೋನಿ ದೇಹಾತ್, ಹಿಂಡನ್ ವಾಯುನೆಲೆ, ಗಾಜಿಯಾಬಾದ್, ಇಂದಿರಾಪುರಂ, ನೋಯ್ಡಾ, ದಾದ್ರಿ. ದೇಶದ ಹವಾಮಾನ ಎಚ್ಚರಿಕೆಯೊಂದು ಹೀಗೆ ಇಂದಿರಾಪುರಂನಂಥ ಬಡಾವಣೆಯೊಂದನ್ನು ಹೆಸರು ಹಿಡಿದು ಕರೆಯುವಂತಾಗಲು ಒಂದೂವರೆ ಶತಮಾನ ಹಿಡಿಯಿತು.

ಎಚ್ಚರಿಕೆ ಕೊಡುವ ಕೆಲಸ ಆರಂಭವಾದದ್ದು ಸಾವು ನೋವುಗಳಿಂದ. 1864ರ ಅಕ್ಟೋಬರ್‌ನಲ್ಲಿ ಕಲ್ಕತ್ತೆಗೆ ಬಡಿದ ಚಂಡಮಾರುತ ಸುಮಾರು 60,000 ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷವೇ ಅಲ್ಲಿನ ಬಂದರಿಗೆ ಬಿರುಗಾಳಿಯ ಎಚ್ಚರಿಕೆ ಕೊಡುವ ವ್ಯವಸ್ಥೆ ಬಂತು. 1866 ಮತ್ತು 1871ರಲ್ಲಿ ಮುಂಗಾರು ಕೈಕೊಟ್ಟಿತು. ಈ ಆಘಾತಗಳ ಬೆನ್ನಲ್ಲೇ 1875ರಲ್ಲಿ ಭಾರತ ಹವಾಮಾನ ಇಲಾಖೆ ಹುಟ್ಟಿತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮ ಹೆಚ್ಚಿದ್ದರೆ ಮುಂಗಾರು ಕುಗ್ಗುತ್ತದೆಂದು ಗಮನಿಸಿ, 1886ರ ಜೂನ್ 4ರಂದು ಮೊದಲ ಮುಂಗಾರು ಮುನ್ಸೂಚನೆ ಪ್ರಕಟಿಸಿದರು. ಅದು ಭಾರತ ಮತ್ತು ಬರ್ಮಾಗಳಿಗೆಲ್ಲ ಒಟ್ಟಾಗಿ, ಇಡೀ ಒಂದು ಋತುವಿಗೆ ಕೊಟ್ಟ ಮುನ್ಸೂಚನೆ. ಅಲ್ಲಿಂದ ಮುಂದಿನ ಚರಿತ್ರೆಯೆಲ್ಲ ಆ ವಿಸ್ತಾರವನ್ನೂ ಆ ಅವಧಿಯನ್ನೂ ಕಿರಿದುಗೊಳಿಸುತ್ತ ಬಂದ ಶ್ರಮದ ಚರಿತ್ರೆ.

ಆ ದಾರಿಯ ದೊಡ್ಡ ತಿರುವು 1987ರ ಭೀಕರ ಬರ. ಎರಡು ದಿನಗಳಾಚೆಗೂ ಮಳೆಯ ಅಂದಾಜು ಸಿಕ್ಕರೆ ಮಾತ್ರ ರೈತನಿಗೆ ಪ್ರಯೋಜನ ಎಂಬುದು ಮನವರಿಕೆಯಾಗಿ, 1988ರಲ್ಲಿ ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರ ಸ್ಥಾಪನೆಯಾಯಿತು. ಅದಕ್ಕಾಗಿ ಅಮೆರಿಕದಿಂದ ಕ್ರೇ ಸೂಪರ್‌ಕಂಪ್ಯೂಟರ್ ತರಿಸಲಾಯಿತು. ಹೆಚ್ಚು ಶಕ್ತಿಯ ಯಂತ್ರವನ್ನು ಕೊಡಲು ಅಮೆರಿಕ ಒಪ್ಪಲಿಲ್ಲ, ಕೊಟ್ಟದ್ದನ್ನೂ ಹವಾಮಾನಕ್ಕಷ್ಟೇ ಬಳಸಬೇಕೆಂಬ ಕಟ್ಟುಪಾಡು ಹಾಕಿತು. ಅದೇ 1988ರಲ್ಲಿ ಕರ್ನಾಟಕ ಬೆಂಗಳೂರಿನಲ್ಲಿ ಬರ ನಿಗಾ ಘಟಕ ತೆರೆಯಿತು. ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದ ಈ ಸಂಸ್ಥೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ನೆಟ್ಟಿತು, ‘ವರುಣ ಮಿತ್ರ’ ಸಹಾಯವಾಣಿಯಲ್ಲಿ ರೈತರಿಗೆ ಕನ್ನಡದಲ್ಲೇ ಉತ್ತರ ಕೊಟ್ಟಿತು.

ಆ ರಾಷ್ಟ್ರೀಯ ಕೇಂದ್ರ ಇಂದು ನೋಯ್ಡಾದ ಸೆಕ್ಟರ್ 62ರಲ್ಲಿದೆ. ಹೆದ್ದಾರಿಯ ಒಂದು ಮಗ್ಗುಲಿಗೆ ಅದು, ಇನ್ನೊಂದು ಮಗ್ಗುಲಿಗೆ ಇಂದಿರಾಪುರಂ. ಉಪಗ್ರಹ, ಹಡಗು, ವಿಮಾನಗಳು ಕಳಿಸುವ ಅಳತೆಗಳೂ ಹವಾಮಾನ ಬಲೂನುಗಳು ಮುಂಜಾನೆ, ಸಂಜೆ ಮೇಲೇರಿ ತರುವ ಅಳತೆಗಳೂ ಅಲ್ಲಿ ಒಂದೆಡೆ ಸೇರುತ್ತವೆ. ಭೂಮಂಡಲವನ್ನು ಚೌಕಗಳಾಗಿ ಭಾಗಿಸಿ, ಪ್ರತಿ ಚೌಕದ ಗಾಳಿ, ಒತ್ತಡ, ಉಷ್ಣತೆ, ತೇವಾಂಶ ಮುಂದೆ ಹೇಗೆ ಬದಲಾದೀತು ಎಂದು ಗಣಕ ಲೆಕ್ಕ ಹಾಕುತ್ತದೆ. 1990ರ ದಶಕದಲ್ಲಿ ಒಂದು ಚೌಕದ ಅಗಲ ಸುಮಾರು 150 ಕಿ.ಮೀ. ಇತ್ತು. ದೆಹಲಿ, ಗಾಜಿಯಾಬಾದ್, ಮೀರತ್ ಮೂರೂ ಒಂದೇ ಚೌಕದಲ್ಲಿ ಅಡಗುವಷ್ಟು ಅಗಲ! 2018ರ ಹೊತ್ತಿಗೆ ಅದು 12 ಕಿ.ಮೀ.ಗೆ ಇಳಿಯಿತು. 2024ರ ಸೆಪ್ಟೆಂಬರ್‌ನಲ್ಲಿ ನೋಯ್ಡಾದಲ್ಲಿ ‘ಅರುಣಿಕಾ’, ಪುಣೆಯಲ್ಲಿ ‘ಅರ್ಕ’ ಎಂಬ ಹೊಸ ಸೂಪರ್‌ಕಂಪ್ಯೂಟರ್‌ಗಳು ಬಂದವು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆಯಲ್ಲಿ ಚೌಕ 6 ಕಿ.ಮೀ. ಆಯಿತು. ದೆಹಲಿಯ ಚಳಿಗಾಲದ ಮಂಜಿಗಾಗಿಯೇ 330 ಮೀಟರ್ ಚೌಕದ ಮಾದರಿಯೊಂದನ್ನು ನೋಯ್ಡಾ ಕೇಂದ್ರ ರೂಪಿಸಿದೆ.

ಆದರೂ ದಿಢೀರನೆ ಎದ್ದು ಗಂಟೆಯೊಳಗೆ ಕರಗುವ ಗುಡುಗಿನ ಮೋಡವನ್ನು ಹಿಡಿಯಲು ಗಣಕದ ಮಾದರಿಯೊಂದೇ ಸಾಲದು. ಅಲ್ಲಿ ನೆರವಿಗೆ ಬರುವುದು ಡಾಪ್ಲರ್ ರಾಡಾರ್. ದೆಹಲಿಯ ಲೋಧಿ ರಸ್ತೆಯ ಮೌಸಮ್ ಭವನ, ಪಾಲಂ, ಆಯಾನಗರಗಳ ರಾಡಾರ್‌ಗಳು ಮೋಡದೊಳಗಿನ ಹನಿಗಳಿಂದ ಮರಳುವ ಅಲೆಗಳನ್ನು ಓದಿ, ಮಳೆಯ ಬಿರುಸನ್ನೂ ಗಾಳಿಯ ವೇಗವನ್ನೂ ಹೇಳುತ್ತವೆ. ಮೋಡ ಯಾವ ಕಡೆಗೆ ಸಾಗುತ್ತಿದೆ ಎಂದು ಪರದೆಯ ಮೇಲೆ ನೋಡಿದ ತಜ್ಞರು ಅದರ ದಾರಿಯಲ್ಲಿರುವ ಊರುಗಳನ್ನು ಹೆಸರಿಸುತ್ತಾರೆ. ಇಂದಿರಾಪುರಂ ಪಟ್ಟಿಗೆ ಸೇರುವುದು ಹೀಗೆ.

ಹೇಳುವ ರೀತಿಯೂ ಇದರ ಜೊತೆಗೇ ಬದಲಾಯಿತು. 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 204.4 ಮಿ.ಮೀ. ಮೀರಿದರೆ ಅತ್ಯಂತ ಭಾರಿ ಮಳೆ. 2024ರ ಜೂನ್ 28ರ ಬೆಳಿಗ್ಗೆ ದಾಖಲಾದಂತೆ ದೆಹಲಿಯ ಸಫ್ದರ್‌ಜಂಗ್‌ನಲ್ಲಿ ಸುರಿದದ್ದು 228.1 ಮಿ.ಮೀ., 1936ರ ನಂತರ ಜೂನ್ ತಿಂಗಳ ಒಂದು ದಿನದ ಅತಿ ಹೆಚ್ಚು ಮಳೆ. ಆದರೆ ಮಿಲಿಮೀಟರ್ ಲೆಕ್ಕ ಕೇಳಿದವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಅದಕ್ಕೇ ಬಣ್ಣಗಳು ಬಂದವು. ಹಸಿರಾದರೆ ಚಿಂತೆಯಿಲ್ಲ, ಹಳದಿಯಾದರೆ ಗಮನವಿಡಿ, ಕಿತ್ತಳೆಯಾದರೆ ಸಿದ್ಧರಾಗಿ, ಕೆಂಪಾದರೆ ಕಾರ್ಯಪ್ರವೃತ್ತರಾಗಿ. ಎಷ್ಟು ಮಳೆ ಎಂಬುದರ ಜೊತೆಗೆ, ಅದು ಬರುವ ಸಾಧ್ಯತೆ ಎಷ್ಟು, ಬಂದರೆ ಏನು ಹಾಳಾದೀತು ಎಂಬುದನ್ನೂ ತೂಗಿ ಬಣ್ಣ ನಿರ್ಧಾರವಾಗುತ್ತದೆ.

ತಪ್ಪುಗಳೂ ಆಗಿವೆ. 2021ರಲ್ಲಿ ಜೂನ್ 15ಕ್ಕೇ ದೆಹಲಿಗೆ ಬರಬಹುದೆಂದಿದ್ದ ಮುಂಗಾರು ಬಂದದ್ದು ಜುಲೈ 13ಕ್ಕೆ. ಗಣಕ ಮಾದರಿಗಳ ಅಂಥ ವೈಫಲ್ಯ ಅಪರೂಪವೆಂದು ಇಲಾಖೆಯೇ ಬಹಿರಂಗವಾಗಿ ಹೇಳಿತು. ಆರಂಭದ ಅಳತೆಯಲ್ಲಿನ ಸಣ್ಣ ವ್ಯತ್ಯಾಸವೂ ದಿನ ಕಳೆದಂತೆ ಹಿಗ್ಗುವುದು ವಾಯುಮಂಡಲದ ಸ್ವಭಾವ. ಹಾಗಾಗಿಯೇ ಇಂದು ಒಂದೇ ಲೆಕ್ಕಕ್ಕೆ ಜೋತುಬೀಳದೆ, ಆರಂಭವನ್ನು ತುಸು ತುಸು ಬದಲಿಸಿ ಇಪ್ಪತ್ತಕ್ಕೂ ಹೆಚ್ಚು ಲೆಕ್ಕ ಮಾಡುತ್ತಾರೆ. ಹೆಚ್ಚಿನವು ಒಂದೇ ಉತ್ತರ ಕೊಟ್ಟರೆ ಭರವಸೆ ಹೆಚ್ಚು, ಚದುರಿದರೆ ಕಡಿಮೆ. ‘ಸಾಧ್ಯತೆ’ ಎಂದು ಹೇಳುವುದು ನುಣುಚಿಕೊಳ್ಳುವ ಮಾತಲ್ಲ. ತಾನು ಬಲ್ಲುದು ಎಷ್ಟು ಎಂಬುದನ್ನು ಪ್ರಾಮಾಣಿಕವಾಗಿ ತಿಳಿಸುವ ವಿಜ್ಞಾನದ ಮಾತು.

150 ಕಿ.ಮೀ.ಯಿಂದ ಆರು ಕಿ.ಮೀ.ಗೆ ಇಳಿದ ಈ ಸಾಧನೆ ದೊಡ್ಡದು. ಇನ್ನು ಉಳಿದಿರುವುದು ಪ್ರಕಟಣೆಗೂ ಮನುಷ್ಯನಿಗೂ ನಡುವಿನ ಅಂತರ. ಎರಡು ಗಂಟೆಗಳ ಎಚ್ಚರಿಕೆ ಜಾಲತಾಣ ನೋಡುವವರಿಗೆ ಸಿಕ್ಕು, ಕಟ್ಟಡದ ಸಾರುವೆಯ ಮೇಲೆ ನಿಂತ ಕಾರ್ಮಿಕನಿಗೆ, ಬೈಕಿನಲ್ಲಿ ಊಟ ತಲುಪಿಸುವ ಹುಡುಗನಿಗೆ, ಮರದಡಿ ತಳ್ಳುಗಾಡಿ ನಿಲ್ಲಿಸಿದವಳಿಗೆ ಸಿಗದಿದ್ದರೆ ಸೂಪರ್‌ಕಂಪ್ಯೂಟರಿನ ಕೆಲಸ ಅರ್ಧಕ್ಕೇ ನಿಂತಂತೆ. ಕಿತ್ತಳೆ ಬಣ್ಣ ಬಂದೊಡನೆ ಎತ್ತರದ ಕೆಲಸ ನಿಲ್ಲಿಸುವುದು, ಬಾಲ್ಕನಿಯ ಕುಂಡಗಳನ್ನು ಒಳಗಿಡಿಸುವುದು, ಬಯಲಲ್ಲಿರುವವರನ್ನು ಸೂರಿನಡಿಗೆ ಕರೆಯುವುದು ಇಲಾಖೆಯ ಕೈಯಲ್ಲಿಲ್ಲ. ಅದು ನಿವಾಸಿಗಳ ಸಂಘ, ಗುತ್ತಿಗೆದಾರ, ನಗರಪಾಲಿಕೆ ಮತ್ತು ನಮ್ಮೆಲ್ಲರ ಪಾಲಿನ ಕೆಲಸ.