ಕಾರಿನ ಏ.ಸಿ. ತಣ್ಣಗಾಗದಿದ್ದರೆ: ಗ್ಯಾಸು ತುಂಬಿಸುವ ಮೊದಲು

ಹೂಮಳೆಗೆ ಕಾಯುವ ದಿನಗಳಲ್ಲಿಯೂ ನಮ್ಮ ಸದಸ್ಯರಿಗೆ ಘಟ್ಟದ ಕೆಳಗಿನ ಓಡಾಟ ತಪ್ಪಿದ್ದಲ್ಲ. ಮಂಗಳೂರಿನ ಆಸ್ಪತ್ರೆ, ಅಡಿಕೆ ವ್ಯವಹಾರ, ಮದುವೆ ಮುಂಜಿ ಎಂದು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು ಉಜಿರೆ ತಲುಪುವಷ್ಟರಲ್ಲಿ ಮೈಯೆಲ್ಲ ಬೆವರು. ಸರಿಯಾಗಿ ಆಗಲೇ ಕಾರಿನ ಏ.ಸಿ. ಕೈಕೊಡುತ್ತದೆ. ಗ್ಯಾರೇಜಿಗೆ ಹೋದರೆ ಕೇಳುವ ಮೊದಲ ಮಾತು, "ಗ್ಯಾಸ್ ಮುಗಿದಿದೆ ಸ್ವಾಮಿ, ತುಂಬಿಸೋಣ." ಹಣ ಕೊಟ್ಟು ಬರುತ್ತೇವೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಮಾತು, ಮತ್ತೆ ಹಣ. ನಾವೂ ಹೀಗೆ ಸಾಲಾಗಿ ಮೂರು ಬೇಸಿಗೆ ಗ್ಯಾಸು ತುಂಬಿಸಿದವರೇ. ನಾಲ್ಕನೆಯ ಸಲ ಬೇರೊಬ್ಬ ಮೆಕ್ಯಾನಿಕ್ ಒಂದು ಜಾಯಿಂಟಿನಲ್ಲಿದ್ದ ಹಳೆಯ ರಬ್ಬರ್ ರಿಂಗನ್ನು ಬದಲಾಯಿಸಿದರು. ಆ ರಿಂಗಿನ ಬೆಲೆ ಒಂದು ಊಟಕ್ಕಿಂತ ಕಡಿಮೆ. ಅಂದಿನಿಂದ ಗ್ಯಾಸಿನ ಖರ್ಚಿಲ್ಲ.

ಏ.ಸಿ.ಯ ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಆ ಬಿಸಿ ಹೊರಗಿನ ಗಾಳಿಗೆ ಹೋಗಿ ಗ್ಯಾಸು ದ್ರವವಾಗುತ್ತದೆ. ಆ ದ್ರವ ಸಣ್ಣ ಕಂಡಿಯೊಂದರ ಮೂಲಕ ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲಿಗೆ ನುಗ್ಗಿದಾಗ ಒತ್ತಡ ಇಳಿದು ಮತ್ತೆ ಆವಿಯಾಗುತ್ತದೆ. ಅಂಗೈಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುವುದಿಲ್ಲವೇ, ಇದೂ ಹಾಗೆಯೇ. ಈಗ ನಮ್ಮ ಬಹುಪಾಲು ಕಾರುಗಳಲ್ಲಿರುವ ಆರ್-134ಎ ಎಂಬ ಗ್ಯಾಸು, ಹೊರಗಿನ ವಾಯುವಿನ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ.

ಹೀಗಿರುವಾಗ ಗ್ಯಾಸು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಎಂಟು ಹತ್ತು ವರ್ಷ ಓಡಿದ ಕಾರಿನಲ್ಲಿ ರಬ್ಬರ್ ಹೋಸುಗಳ ಮೂಲಕ ಅಷ್ಟಿಷ್ಟು ಜಿನುಗಿ ಹೋಗುವುದು ಸಹಜ. ಪ್ರತಿ ವರ್ಷ ಖಾಲಿಯಾಗುವುದು ಸಹಜವಲ್ಲ. ಸ್ಪ್ರಿಂಕ್ಲರ್ ಪೈಪಿನ ಜಾಯಿಂಟಿನಲ್ಲಿ ನೀರು ಚಿಮ್ಮುತ್ತಿದ್ದರೆ ಜಾಯಿಂಟು ಬಿಟ್ಟು ಪಂಪಿಗೆ ಇನ್ನಷ್ಟು ಡೀಸೆಲ್ ಹಾಕುವ ಬೆಳೆಗಾರ ಯಾರಿದ್ದಾರೆ?

ಆದರೆ ಎಲ್ಲ ದೋಷವೂ ಗ್ಯಾಸಿನದ್ದಲ್ಲ. ಗ್ಯಾರೇಜಿಗೆ ಹೋಗುವ ಮೊದಲು ಮನೆಯಂಗಳದಲ್ಲಿಯೇ ನೋಡಬಹುದಾದದ್ದು ಬಹಳವಿದೆ. ಮೊದಲು, ಹೇಳಲು ನಾಚಿಕೆಯಾದರೂ, ಹೀಟರಿನ ಗುಂಡಿ ನೋಡಿರಿ. ಬೆಳಗಿನ ಚಳಿಗೆ ಕೆಂಪು ಕಡೆಗೆ ತಿರುಗಿಸಿದ್ದನ್ನು ಮರೆತು ಘಟ್ಟ ಇಳಿದ ಮೇಲೆ ಏ.ಸಿ.ಯನ್ನು ಬೈದವರು ನಮ್ಮಲ್ಲಿಯೇ ಇದ್ದಾರೆ.

ಮುಂದಿನ ಪ್ರಶ್ನೆ, ಗಾಳಿಯೇ ಕಡಿಮೆಯೋ ಅಥವಾ ಗಾಳಿ ಜೋರಾಗಿದ್ದು ತಣ್ಣಗಿಲ್ಲವೋ ಎಂಬುದು. ಈ ಎರಡನ್ನು ಬೇರ್ಪಡಿಸಿದರೆ ಅರ್ಧ ಕೆಲಸ ಆದಂತೆ. ಗಾಳಿಯೇ ಕಡಿಮೆಯಾಗಿದ್ದರೆ ಗ್ಯಾಸಿನ ಮಾತು ಬೇಡ. ನಮ್ಮ ಕಾರುಗಳು ನಿಲ್ಲುವುದು ಸಿಲ್ವರ್ ಓಕ್, ಹಲಸಿನ ಮರಗಳ ಕೆಳಗೆ, ಓಡುವುದು ಧೂಳಿನ ತೋಟದ ರಸ್ತೆಯಲ್ಲಿ. ಒಳಗಿನ ಗಾಳಿಯ ಫಿಲ್ಟರು ಅನೇಕ ಕಾರುಗಳಲ್ಲಿ ಎಡಗಡೆಯ ಗ್ಲೋವ್‌ಬಾಕ್ಸಿನ ಹಿಂದೆ ಇರುತ್ತದೆ. ಅದನ್ನು ಹೊರಗೆಳೆದರೆ ತರಗೆಲೆ, ಧೂಳು, ಕೆಲವೊಮ್ಮೆ ಇಲಿ ಕಟ್ಟಿದ ಗೂಡು ಕೂಡ ಸಿಕ್ಕೀತು. ಹೊಸದನ್ನು ಹಾಕಿಕೊಳ್ಳಲು ಸಾಮಾನ್ಯವಾಗಿ ಮೆಕ್ಯಾನಿಕ್ ಬೇಕಾಗದು.

ಮೊದಲು ಚೆನ್ನಾಗಿ ತಣ್ಣಗಾಗಿ, ಅರ್ಧ ಗಂಟೆಯ ನಂತರ ಗಾಳಿ ಕ್ಷೀಣಿಸಿದರೆ ಕೂಲಿಂಗ್ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟಿರಬಹುದು. ಏ.ಸಿ. ಆರಿಸಿ ಫ್ಯಾನು ಮಾತ್ರ ಹತ್ತು ನಿಮಿಷ ಓಡಿಸಿ ನೋಡಿ. ಗಾಳಿ ಮರಳಿ ಬಂದರೆ ಊಹೆ ಸರಿ. ಫಿಲ್ಟರು ಶುದ್ಧವಿದ್ದರೂ ಹೀಗಾಗುತ್ತಿದ್ದರೆ ಕಾಯಿಲಿನ ಉಷ್ಣತೆ ಅಳೆಯುವ ಸೆನ್ಸರನ್ನು ಪರೀಕ್ಷಿಸಲು ಹೇಳಿರಿ.

ಗಾಳಿ ಜೋರಾಗಿದ್ದೂ ತಣ್ಣಗಿಲ್ಲದಿದ್ದರೆ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ಇನ್ನೊಬ್ಬರಿಂದ ಏ.ಸಿ. ಹಾಕಿಸಿರಿ. ಕೈ, ಪಂಚೆ, ಸೆರಗು ಬೆಲ್ಟಿನಿಂದ ದೂರವಿರಲಿ. ಫ್ಯಾನು ಯಾವ ಗಳಿಗೆಯಲ್ಲಾದರೂ ತಾನಾಗಿ ತಿರುಗೀತು. ಕಂಪ್ರೆಸರಿನಲ್ಲಿ 'ಟಕ್' ಎಂಬ ಸದ್ದಾಗಿ ಪುಲ್ಲಿಯ ಮುಂದಿನ ತಟ್ಟೆಯೂ ತಿರುಗಬೇಕು. (ಕೆಲವು ಹೊಸ ಕಾರುಗಳ ಕಂಪ್ರೆಸರಿಗೆ ಈ ಕ್ಲಚ್ಚೇ ಇಲ್ಲ, ಅಲ್ಲಿ ಸದ್ದು ಕಾಯಬೇಡಿ.) ತಿರುಗದಿದ್ದರೆ ಫ್ಯೂಸು, ರಿಲೇ, ವೈರು ನೋಡಬೇಕು. ಮಳೆಗಾಲದಲ್ಲಿ ಶೆಡ್ಡಿನಲ್ಲಿಯೇ ನಿಂತ ಕಾರಿನ ವೈರುಗಳಿಗೆ ಇಲಿ ಹಲ್ಲು ಹಾಕುವುದು ನಮ್ಮ ಕಡೆ ಹೊಸದೇನಲ್ಲ. ಇವೆಲ್ಲ ಸರಿಯಿದ್ದರೆ, ಗ್ಯಾಸು ತೀರಾ ಇಳಿದು ಒತ್ತಡದ ಸ್ವಿಚ್ಚು ಕಂಪ್ರೆಸರನ್ನು ತಡೆದಿರಬಹುದು. ಆ ಸ್ವಿಚ್ಚನ್ನು ತಪ್ಪಿಸಿ ವೈರನ್ನು ನೇರವಾಗಿ ಜೋಡಿಸಲು ಯಾರಿಗೂ ಬಿಡಬೇಡಿ. ಕಂಪ್ರೆಸರಿಗೆ ಎಣ್ಣೆ ತಲುಪುವುದು ಗ್ಯಾಸಿನ ಜೊತೆಯಲ್ಲಿಯೇ. ಗ್ಯಾಸಿಲ್ಲದೆ ಓಡಿದರೆ ಅದು ಸವೆದು ಹಿಡಿದುಕೊಳ್ಳುತ್ತದೆ, ಖರ್ಚು ಹತ್ತಾರು ಪಟ್ಟಾಗುತ್ತದೆ.

ಓಡುವಾಗ ತಂಪು, ಚೆಕ್‌ಪೋಸ್ಟಿನಲ್ಲಿ ನಿಂತ ಕೂಡಲೇ ಬಿಸಿ ಎಂಬ ದೂರು ಬಂದರೆ ಕಂಡೆನ್ಸರ್ ಕಡೆಗೆ ನೋಡಿರಿ. ಕೆಸರು, ಹುಳು, ಕಸ ಮೆತ್ತಿಕೊಂಡಿರಬಹುದು, ಇಲ್ಲವೇ ಅದರ ಫ್ಯಾನು ನಿಂತಿರಬಹುದು. ಎಂಜಿನ್ ಆರಿಸಿ ತಣಿದ ಮೇಲೆ ತೋಟದ ಹೋಸಿನಿಂದ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಬೋರ್ಡೋ ಹೊಡೆಯುವ ಪವರ್ ಸ್ಪ್ರೇಯರನ್ನು ಅಲ್ಲಿಗೆ ಹಿಡಿಯಬೇಡಿ. ಕಾಗದದಷ್ಟು ತೆಳುವಾದ ಆ ಅಲ್ಯುಮಿನಿಯಂ ರೆಕ್ಕೆಗಳು ಒಂದೇ ಏಟಿಗೆ ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ತೊಳೆಯುವಾಗ ಎಣ್ಣೆಯ ಪಸೆಗೆ ಧೂಳು ಅಂಟಿದ ಕಪ್ಪು ಕಲೆ ಎಲ್ಲಾದರೂ ಕಂಡರೆ ಗುರುತಿಟ್ಟುಕೊಳ್ಳಿ. ಗ್ಯಾಸು ಸೋರುವ ಜಾಗದಲ್ಲಿ ಎಣ್ಣೆಯೂ ಹೊರಬರುತ್ತದೆ. ಮುಂದಿನ ಜೀಪಿನ ಚಕ್ರದಿಂದ ಹಾರಿದ ಕಲ್ಲು ಕಂಡೆನ್ಸರಿಗೆ ಬಡಿದು ತೂತಾಗುವುದೂ ಉಂಟು.

ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಅದು ಗಾಳಿಯ ತೇವ ಕಾಯಿಲಿನ ಮೇಲೆ ನೀರಾಗಿ ಇಳಿದದ್ದು, ಆರೋಗ್ಯದ ಲಕ್ಷಣ. ಆ ನೀರು ಕಾಲಡಿಯ ಕಾರ್ಪೆಟ್ಟಿಗೆ ಬಂದರೆ ಮಾತ್ರ ಕೊಳವೆ ಕಟ್ಟಿದೆ ಎಂದು ತಿಳಿಯಿರಿ. ಹೀಗೆ ತೇವ ಹೀರುವುದರಿಂದಲೇ ಜುಲೈ ತಿಂಗಳ ಘಟ್ಟದಲ್ಲಿ ಒಳಗಿನ ಗಾಜಿಗೆ ಕವಿದ ಹಬೆಯನ್ನು ಏ.ಸಿ. ಬೇಗ ಬಿಡಿಸುತ್ತದೆ. ತಿರುವಿನಲ್ಲಿ ಎದುರು ಬರುವ ಲಾರಿ ಕಾಣಬೇಕಾದರೆ ಇದು ಸೌಖ್ಯದ ಮಾತಲ್ಲ, ಜೀವದ ಮಾತು. ತಂಪು ಬೇಕಿಲ್ಲದ ಕಾಲದಲ್ಲಿಯೂ ವಾರಕ್ಕೊಮ್ಮೆ ಹತ್ತು ನಿಮಿಷ ಏ.ಸಿ. ಓಡಿಸಿದರೆ ಎಣ್ಣೆ ಸುತ್ತಿ ಸೀಲುಗಳು ಒಣಗುವುದಿಲ್ಲ.

ಇಷ್ಟು ನೋಡಿಯೂ ದೋಷ ಸಿಗದಿದ್ದರೆ ಗ್ಯಾರೇಜೇ ಗತಿ. ಕೊಳವೆಯ ಜಾಯಿಂಟುಗಳನ್ನು ನಾವಾಗಿ ಬಿಚ್ಚುವುದು ಬೇಡ. ಚಿಮ್ಮುವ ಗ್ಯಾಸು ಕಣ್ಣನ್ನೇ ಸುಟ್ಟೀತು. ಅದನ್ನು ಗಾಳಿಗೆ ಬಿಡುವುದೂ ತಪ್ಪು. ತೂಕಕ್ಕೆ ತೂಕ ಹೋಲಿಸಿದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಆರ್-134ಎ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಕ್ಕಿದ್ದು. ಮಳೆ ಹೆಚ್ಚುಕಡಿಮೆಯಾಗುವುದರ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಗ್ಗವೆಂದು ಅಡುಗೆ ಗ್ಯಾಸು ತುಂಬುವವರೂ ಕೆಲವೆಡೆ ಇದ್ದಾರೆಂಬ ಮಾತಿದೆ. ಸೋರಿದರೆ ಕಾರಿನೊಳಗೇ ಬೆಂಕಿ.

ಗ್ಯಾರೇಜಿನಲ್ಲಿ ಕೇಳಬೇಕಾದದ್ದು ಇಷ್ಟು. ಮೊದಲು ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೀರಿನಿಂದಲೋ, ಬಣ್ಣದ ದ್ರಾವಣ ಹಾಕಿ ನೀಲಿ ದೀಪದಿಂದಲೋ ಸೋರಿಕೆ ಹುಡುಕಲಿ. ರಿಪೇರಿಯಾದ ಮೇಲೆ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಎಳೆದು, ಒತ್ತಡ ನಿಂತಿದೆಯೇ ಎಂದು ನೋಡಲಿ. ಗ್ಯಾಸನ್ನು ಅಂದಾಜಿಗಲ್ಲ, ತೂಕಕ್ಕೆ ತುಂಬಲಿ. ಹೆಚ್ಚಾದರೂ ತಂಪು ಕಡಿಮೆಯೇ. ನಿಮ್ಮ ಕಾರಿಗೆ ಯಾವ ಗ್ಯಾಸು, ಎಷ್ಟು ಗ್ರಾಂ ಎಂಬುದು ಸಾಮಾನ್ಯವಾಗಿ ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿರುತ್ತದೆ. ಸಣ್ಣ ಕಾರುಗಳಿಗೆ ಅರ್ಧ ಕಿಲೋದ ಆಸುಪಾಸು. ಹಳೆಯ ಗ್ಯಾಸು ಎಷ್ಟು ಗ್ರಾಂ ಹೊರಬಂತು, ಹೊಸದು ಎಷ್ಟು ಹೋಯಿತು ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಂಡು ಬನ್ನಿ. ಮುಂದಿನ ವರ್ಷ ಯಾರಾದರೂ "ಗ್ಯಾಸ್ ಮುಗಿದಿದೆ" ಎಂದರೆ ಆ ಬಿಲ್ಲನ್ನು ಮುಂದಿಟ್ಟು ಮಾತನಾಡಬಹುದು.